ತಾಯಿಮುಡೀಶ್ವರನು ಮೂಸಿದ ಹೂವನ್ನು ಮುಡಿದದ್ದು

ಕೃತಯುಗದ ಕಡೆಯ ಪಾದದಲ್ಲಿ, ಕಪಿಶಾನದಿಯು ಅಣೆಕಟ್ಟು ಸೇತುವೆಗಳ ಹಂಗಿಲ್ಲದೆ ಸ್ವೇಚ್ಛೆಯಿಂದ ಹರಿಯುತ್ತಿದ್ದ ಕಾಲದಲ್ಲಿ, ಅದರ ದಡದ ಸ್ವಯಂಭುಲಿಂಗವನ್ನು ಅರ್ಚಿಸುತ್ತ ದೀರ್ಘವ್ರತನೆಂಬ ಮುನಿಯು ತಪೋನಿರತನಾಗಿದ್ದನು. ಆತನ ಧರ್ಮಪತ್ನಿ ನೀಲಬ್ಬೆ, ನದಿ ಹುಟ್ಟುವ ಬೆಟ್ಟಸೀಮೆಯ ಮಗಳು. ತಾಯಿ ಹಾಸಿಗೆ ಹಿಡಿದಿದ್ದಾಳೆಂದು ದಾರಿಹೋಕರಿಂದ ಕೇಳಿದಂದಿನಿಂದ ಆ ಸಾಧ್ವಿಗೆ ಅನ್ನ ಸೇರದು, ನಿದ್ರೆ ಹತ್ತದು. ಅಯ್ಯೋ, ಹೆಣ್ಣುಮಕ್ಕಳ ಈ ಸಂಕಟವನ್ನು ಯಾವ ಶಾಸ್ತ್ರ ತಾನೇ ಬಲ್ಲುದು! ದಂಪತಿಗಳು ಹಿಡಿದಿದ್ದ ಚಾತುರ್ಮಾಸ್ಯ ವ್ರತ ಮುಗಿದ ಹೊರತು ಹೊರಡುವಂತಿರಲಿಲ್ಲ. ನಡುವೆ ಪೂಜೆಗೆ ಲೋಪ ಬಂದರೆ ವ್ರತವನ್ನು ಮತ್ತೆ ಮೊದಲಿನಿಂದ ತೊಡಗಬೇಕಿತ್ತು.

ವ್ರತದ ಕೊನೆಯ ದಿನ ಬಂದೇ ಬಂದಿತು. ಆದರೆ ಹಿಂದಿನ ದಿನದ ನೆರೆಯಲ್ಲಿ ಆಶ್ರಮದ ಹೂದೋಟವೆಲ್ಲ ಕೊಚ್ಚಿಹೋಗಿದ್ದರಿಂದ, ನೀಲಬ್ಬೆಯು ಬುಟ್ಟಿ ಹಿಡಿದು ದಡಗುಂಟ ಮೇಲಕ್ಕೆ ನಡೆದಳು. ಮದುವೆಯಾಗಿ ಬಂದಂದಿನಿಂದ ಆಕೆ ಆ ದಿಕ್ಕಿಗೆ ಕಾಲಿಟ್ಟವಳಲ್ಲ. ತವರಿನ ದಾರಿಯನ್ನು ನೋಡಿದರೆ ಕಣ್ಣು ತುಂಬುತ್ತಿತ್ತು. ನೆಟ್ಟವರಿಲ್ಲದ, ನೀರೆರೆದವರಿಲ್ಲದ ತುಂಬೆ, ಲಕ್ಕಿ, ಕಾಡುಮಲ್ಲಿಗೆಗಳು ಅಲ್ಲಿ ಎಷ್ಟು ಚೆಂದ ಅರಳಿದ್ದವು! ಅವುಗಳ ನಡುವೆ, ಬಂಡೆಯ ಸಂದಿಯಲ್ಲಿ, ಬೆಟ್ಟದ ಹೆಂಗಸರು ‘ತಾಯಿಮುಡಿ’ ಎಂದು ಕರೆಯುವ ಬಿಳಿಯ ಹೂವು ನಗುತ್ತಿತ್ತು. ಅವಳವ್ವ ದಿನವೂ ಮುಡಿಯುತ್ತಿದ್ದ ಹೂವು! ನೀರಿನೊಡನೆ ಅದರ ಬೀಜ ಇಷ್ಟು ದೂರ ತೇಲಿ ಬಂದಿತ್ತು. ಆಕೆ ಹೂವನ್ನು ಕಿತ್ತು, ಮೈಮರೆತು, ಮುಖಕ್ಕೊತ್ತಿಕೊಂಡು ಮೂಸಿದಳು.

ದೇವರಿಗೆಂದು ಕಿತ್ತ ಹೂವನ್ನು ಮೂಸಿದರೆ ಅದು ಎಂಜಲಿಗೆ ಸಮಾನ. ಆಕೆ ಅದೇ ಗುಂಗಿನಲ್ಲಿ ಆಶ್ರಮಕ್ಕೆ ಬಂದು ಆ ಹೂವನ್ನು ಲಿಂಗದ ಮೇಲಿಟ್ಟಾಗ ಅವಳ ಮೂಗಿನ ತುದಿಗೆ ಅಂಟಿದ್ದ ಹಳದಿ ಪರಾಗವು ಮುನಿಯ ಕಣ್ಣಿಗೆ ಬಿದ್ದಿತು.

“ನೀಲಬ್ಬೇ, ಏನು ಮಾಡಿಕೊಂಡೆ! ಕೈಗೆ ಬಂದದ್ದು ಬಾಯಿಗೆ ಬರಲಿಲ್ಲವಲ್ಲ!” ಎಂದು ಅವನು ತಲೆಯ ಮೇಲೆ ಕೈಹೊತ್ತು ಕುಳಿತನು.

“ಬೇಕೆಂದು ಮೂಸಲಿಲ್ಲ ಸ್ವಾಮೀ, ನಮ್ಮವ್ವ ಪಕ್ಕದಲ್ಲೇ ಬಂದು ನಿಂತ ಹಾಗಾಯಿತು” ಎಂದು ನೀಲಬ್ಬೆ ಬಿಕ್ಕಿಬಿಕ್ಕಿ ಅತ್ತಳು. ಇನ್ನೊಂದು ವ್ರತ ಮುಗಿಯುವವರೆಗೆ ತಾಯಿ ಬದುಕಿರುವಳೆಂಬ ನೆಚ್ಚಿಕೆ ಅವಳಿಗಿರಲಿಲ್ಲ.

ಮುನಿಯು ಆ ಹೂವನ್ನು ತೆಗೆಯಲು ಕೈಚಾಚಿದಾಗ ಲಿಂಗದೊಳಗಿಂದ ಗಂಭೀರವಾದ ನುಡಿ ಹೊರಟಿತು:

“ಮುಟ್ಟಬೇಡ! ನಾನು ಸ್ವಯಂಭು, ನನಗೆ ಹೆತ್ತವಳಿಲ್ಲ, ತವರಿಲ್ಲ. ತಾಯಿಯ ಮುಡಿ ಎಂಥ ಪರಿಮಳದ್ದೆಂದು ಈ ಮಗಳು ಮೂಸಿದ ಹೂವಿನಿಂದ ಇಂದು ತಿಳಿದೆನು. ವ್ರತವು ಪೂರ್ಣವಾಯಿತು. ಅವಳನ್ನು ಈಗಲೇ ಕರೆದೊಯ್ಯಿ. ಮಗಳೇ, ನಿನ್ನವ್ವನನ್ನು ಕಂಡಾಗ ನನ್ನನ್ನೂ ನೆನೆ.”

ಅವರು ಆ ಕ್ಷಣವೇ ಹೊರಟರು. ನೀಲಬ್ಬೆ ತಾಯಿಯ ಕೈಯಿಂದ ಒಂದು ತುತ್ತು ಉಂಡಳೆಂದು ಹಿರಿಯರ ಮಾತು. ಅವಳು ಹೋದ ದಾರಿಯನ್ನೇ ನೋಡುತ್ತ ಲಿಂಗವು ನದಿಯ ಮೇಲ್ದಿಕ್ಕಿಗೆ ವಾಲಿತು. ಭಕ್ತಾದಿಗಳು ಇಂದಿಗೂ ಅದನ್ನು ಹಾಗೆಯೇ ಕಾಣಬಹುದು. ಬೇರೆಲ್ಲಿಯೂ ಸಲ್ಲದ ಪದ್ಧತಿಯೊಂದು ತಾಯಿಮುಡೀಶ್ವರನೆಂದು ಹೆಸರಾದ ಆ ಲಿಂಗದ ಈ ಕ್ಷೇತ್ರದಲ್ಲಿ ಸಲ್ಲುತ್ತದೆ: ಇಲ್ಲಿ ದಡದ ಕಾಡುಹೂವನ್ನು ಮೂಸಿಯೇ ಅರ್ಪಿಸಬೇಕು. ದೂರದೂರಿಗೆ ಮದುವೆಯಾಗಿ ಹೋದ ಹೆಣ್ಣುಮಕ್ಕಳು ಹೂವನ್ನು ಮುಖಕ್ಕೆ ಹಿಡಿದು ಕಣ್ಣುಮುಚ್ಚಿ ನಿಂತಾಗ, ಹಿಂದೆ ಸಾಲು ಎಷ್ಟೇ ಬೆಳೆದಿರಲಿ, ಅರ್ಚಕರು ಅವರನ್ನು ಅವಸರಪಡಿಸುವುದಿಲ್ಲ.