ಹಾಲೆರೆದ ಬಿಲ

ವಿಷವಿಲ್ಲದ ನೀನು ಒಂದು ಬಿಲವನ್ನೂ ಉಳಿಸಿಕೊಳ್ಳಲಾರೆ ಎಂದು ಕೇರೆಹಾವಿಗೆ ಹೇಳಿದ್ದವನು ನಾಗರಹಾವು. ಕೇರೆ ಬದುವಿನ ಹೆಗ್ಗಣವನ್ನು ನುಂಗಿ, ಅದರ ಬಿಲದಲ್ಲೇ ಹನ್ನೊಂದು ಮೊಟ್ಟೆಯಿಟ್ಟು ಕಾವಲು ಕೂತಳು. ಗದ್ದೆಯ ಚೆನ್ನವೀರ ದೊಣ್ಣೆ ಎತ್ತಿದಾಗ ಕತ್ತು ಉಬ್ಬಿಸಿ ಬುಸುಗುಟ್ಟಿದಳು.

"ಬಿಡ್ರೀ, ನಾಗಪ್ಪ ಅದು!" ಎಂದು ಹೆಂಡತಿ ಅವನ ಕೈ ಹಿಡಿದಳು.

ಮರುದಿನದಿಂದ ಊರವರು ಸಾಲುಗಟ್ಟಿ ಬಂದು ಬಿಲದೊಳಕ್ಕೆ ಹಾಲು ಸುರಿಯತೊಡಗಿದರು.

"ಕೇರೆ ಅಂತ ತೋರಿಸಿಕೊಂಡು ಓಡೇ," ಎಂದ ನಾಗರ. "ನಿನ್ನಷ್ಟು ಜೋರಾಗಿ ಓಡುವವರಿಲ್ಲ. ಹಾಲು ನಿಲ್ಲುತ್ತೆ, ಮೊಟ್ಟೆ ಉಳಿಯುತ್ತೆ."

"ಕೈಮುಗಿದವರ ಮುಂದೆ ಕೇರೆ ಅನ್ನಿಸಿಕೊಳ್ಳಲೇ? ನನ್ನಿಂದಾಗದು," ಎಂದು ಅವಳು ಅಲ್ಲೇ ಉಳಿದಳು.

ಇಂದು ಆ ಬಿಲ ಅವಳದೇ, ಅತ್ತ ದೊಣ್ಣೆ ಹಿಡಿದು ಬರುವವರಿಲ್ಲ. ಹನ್ನೊಂದು ಮೊಟ್ಟೆಯೂ ಹಾಲಿನಲ್ಲಿ ನೆನೆದು ಕೊಳೆತುಹೋದವು.