ಗಂಟು ಮರಳಿ ತಂದವನು

"ತಾಯಿ, ಊರನ್ನೇ ಕಾಣದವರಿಗೆ ದಾರಿ ಹೇಳುವುದು ಹೇಗೆ?" ಎಂದು ಶಿಷ್ಯೆ ಕೇಳಿದಳು.

ವಿಳಾಸ ಹುಡುಕಿಕೊಡುವ ಒಂದು ಸಾಧನಕ್ಕೆ ಬಳಕೆಯ ವಿವರ ಬರೆಯುವುದು ಅವಳ ಕೆಲಸ. ಅದನ್ನು ಓದುವವರು ಮನುಷ್ಯರಲ್ಲ, ಜನರ ಪರವಾಗಿ ಕೆಲಸ ಮಾಡುವ ಎಐ ಏಜೆಂಟ್‌ಗಳು.

"ಬೀದಿ, ಅಡ್ಡರಸ್ತೆ, ಪಿನ್ ಕೋಡ್, ಎಲ್ಲವನ್ನೂ ಹೇಗೆ ಕೊಡಬೇಕೆಂದು ಬರೆದೆ. ಆದರೂ ಮನೆ ಸಿಗದಿದ್ದಾಗ ಆ ಏಜೆಂಟ್‌ಗಳು ಹಾಗೆಯೇ ಕಾಣುವ ಇನ್ನೊಂದು ಮನೆಯನ್ನು ತೋರಿಸಿಬಿಡುತ್ತವೆ. ಮೊನ್ನೆ ಒಬ್ಬ ಅಜ್ಜಿಯ ಔಷಧಿ ಯಾರದೋ ಮನೆಗೆ ಹೋಯಿತು. ಇನ್ನೂ ಏನು ಬರೆಯಲಿ?"

ಗುರುತಾಯಿ ಹೇಳಿದರು:

ಒಂದು ಊರಿನಲ್ಲಿ ಒಬ್ಬ ನೇಕಾರ್ತಿ ಇದ್ದಳು. ಗಂಡ ತೀರಿದ ಮೇಲೆ ಮಗ್ಗವನ್ನು ನಂಬಿ ಮಗಳನ್ನು ಬೆಳೆಸಿದವಳು. ಮಗಳು ತಾಯಿಯ ಮಾತು ಮೀರಿ ಮದುವೆಯಾಗಿ ಬೇರೆ ಊರಿಗೆ ಹೋದಳು. "ನಿನ್ನ ಹೊಸ್ತಿಲು ತುಳಿಯುವುದಿಲ್ಲ" ಎಂದಳು ತಾಯಿ. ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳುವ ಹೆಂಗಸಲ್ಲ ಅವಳು.

ಮಗಳು ಬಸುರಿ ಎಂದು ಬಳೆಗಾರ್ತಿ ಸುದ್ದಿ ತಂದಳು.

ಹುಟ್ಟಿದ ಕೂಸಿಗೆ ಹೊಸ ಬಟ್ಟೆ ಹಾಕುವುದಿಲ್ಲ. ಒಗೆದು ಒಗೆದು ಮೆತ್ತಗಾದ ಹಳೆಯ ಸೀರೆಯಲ್ಲಿ ಸುತ್ತುತ್ತಾರೆ. ತಾಯಿ ತಾನು ಉಟ್ಟು ಸವೆಸಿದ ಸೀರೆಯೊಂದನ್ನು ಗಂಟು ಕಟ್ಟಿದಳು. ಅದು ತಲುಪಿದರೆ ಸಾಕು, ಬೇರೆ ಮಾತು ಬೇಕಿರಲಿಲ್ಲ. ಬಳೆಗಾರ್ತಿಯ ಕೈಗೆ ಕೊಟ್ಟರೆ ತಾನು ಸೋತೆನೆಂದು ಊರಿಗೆಲ್ಲ ಹೇಳಿಯಾಳು. ಅದಕ್ಕೆ ಹೊಸದಾಗಿ ಸೇರಿದ್ದ ಆಳಿನ ಕೈಗೆ ಕೊಟ್ಟಳು. ಮಗಳ ಹೆಸರು ಹೇಳಿ, ಬಾವಿಯ ಪಕ್ಕದ ಮನೆ ಎಂದಳು.

ಆಳು ಹೋಗಿ ಬಂದು, "ಕೊಟ್ಟೆ ಅವ್ವಾ" ಎಂದ.

ಬಳೆಗಾರ್ತಿ ಮತ್ತೆ ಬಂದಳು. "ಏನವ್ವಾ, ನಿನ್ನ ಮನಸ್ಸು ಇನ್ನೂ ಕಲ್ಲೇ? ನಿನ್ನ ಮಗಳು ಬಳೆ ತೊಡುವಾಗ ಅತ್ತಳು. ಅವ್ವ ಒಂದು ಚಿಂದಿಯನ್ನಾದರೂ ಕಳಿಸಲಿಲ್ಲ ಅಂದಳು."

ತಾಯಿ ಬಳೆಗಾರ್ತಿಯ ಹರಟೆಯಲ್ಲೇ ಇನ್ನಷ್ಟು ಗುರುತು ಹೆಕ್ಕಿಕೊಂಡಳು. ಬಾವಿಯ ಮುಂದೆ ಬೇವಿನ ಮರ, ಮನೆಗೆ ನೀಲಿ ಬಾಗಿಲು. ಎಲ್ಲವನ್ನೂ ಆಳಿಗೆ ಬಾಯಿಪಾಠ ಮಾಡಿಸಿ ಇನ್ನೊಂದು ಸೀರೆ ಕಳಿಸಿದಳು. ಆಳು ಕೊಟ್ಟು ಬಂದ. ಆದರೆ ಅದೂ ಮಗಳನ್ನು ಮುಟ್ಟಲಿಲ್ಲವೆಂದು ಬಳೆಗಾರ್ತಿಯ ಮಾತಿನಿಂದಲೇ ತಿಳಿಯಿತು.

ಈಗ ಮಗಳಿಗೆ ದಿನ ತುಂಬಿತ್ತು. ಪೆಟ್ಟಿಗೆಯಲ್ಲಿ ಉಳಿದದ್ದು ಒಂದೇ ಹಳೆಯ ಸೀರೆ. ತಾಯಿ ಆಳನ್ನು ಕರೆದು ಕೂರಿಸಿಕೊಂಡಳು.

"ಬೇವಿನ ಮರ ಸಿಕ್ಕಿತೇನೋ?"

"ಆಗಷ್ಟೇ ಕಡಿದಿದ್ದರು ಅವ್ವಾ. ಆಚೆ ಓಣಿಯಲ್ಲಿ ಹುಣಸೆ ಮರ ಇತ್ತು. ಆ ಮನೆಯಲ್ಲೂ ಒಬ್ಬ ಬಸುರಿ ಇದ್ದಳು. ಕೊಟ್ಟೆ. ಮೊದಲ ಸಲವೂ ಹೀಗೇ, ಬಾವಿಯ ಪಕ್ಕ ಸಿಕ್ಕ ಇನ್ನೊಬ್ಬ ಬಸುರಿಗೆ ಕೊಟ್ಟಿದ್ದೆ."

"ಬೇವು ಅಂದರೆ ಹುಣಸೆಗೆ ಹೋಗ್ತೀಯ. ಕೂಸು ತಾ ಅಂದರೆ ಬೆಕ್ಕಿನ ಮರಿ ತಂದೀಯ."

ಆಳು ತಲೆ ತಗ್ಗಿಸಿದ. "ಗಂಟು ಹೊತ್ತುಕೊಂಡು ಹಿಂದಕ್ಕೆ ಹೇಗೆ ಬರಲಿ ಅವ್ವಾ? ಮೊದಲಿದ್ದ ಸಾಹುಕಾರರ ಮನೆಯಲ್ಲಿ, ಕೆಲಸ ಆಗಲಿಲ್ಲ ಅಂದ ದಿನ ಊಟ ಇಲ್ಲ."

ತಾಯಿಯ ಸಿಟ್ಟು ಇಳಿಯಿತು. ಬಾವಿ, ಮರ, ಬಾಗಿಲು, ಎಲ್ಲವನ್ನೂ ಅವಳು ಹೇಳಿದ್ದಳು. ಅವು ಸಿಗದಿದ್ದರೆ ಏನು ಮಾಡಬೇಕೆಂದು ಮಾತ್ರ ಹೇಳಿರಲಿಲ್ಲ.

"ಹೋಗಲಿ ಬಿಡು. ಆ ಕೂಸುಗಳೂ ಬೆಚ್ಚಗಿರಲಿ," ಎಂದಳು. "ಈ ಸಲ ಮನೆ ಸಿಗದಿದ್ದರೆ ಗಂಟು ತೆಗೆದುಕೊಂಡು ಬಂದುಬಿಡು. ಎಲ್ಲಿ ತಡವರಿಸಿದೆ ಅಂತ ನನಗೆ ಹೇಳು. ನಿನ್ನ ಊಟ ಇಟ್ಟಿರುತ್ತೇನೆ."

ಆಳು ಹೋದ. ಗಂಟು ಹೊತ್ತು ಮರಳಿ ಬಂದು ಅಂಗಳದಲ್ಲೇ ನಿಂತ. ತಾಯಿ ಒಳಗೆ ಕರೆದು ಬಡಿಸಿದಳು. ತುತ್ತು ಇಳಿದ ಮೇಲೆ ಅವನಿಗೆ ಬಾಯಿ ಬಂತು.

"ಆ ಹೆಸರಿನವರು ಇಬ್ಬರಿದ್ದಾರಂತೆ ಅವ್ವಾ. ಯಾರ ಹೆಂಡತಿ ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ."

ತಾಯಿಗೆ ಉತ್ತರ ಗೊತ್ತಿತ್ತು. ಮಗಳ ಮದುವೆಯಾದ ದಿನದಿಂದ ಅಳಿಯನ ಹೆಸರನ್ನು ಅವಳು ತನ್ನ ಬಾಯಿಗೆ ತಂದಿರಲಿಲ್ಲ. ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು.

"ಮಲ್ಲೇಶಿ," ಎಂದಳು. "ನಮ್ಮ ಮಲ್ಲೇಶಿಯ ಹೆಂಡತಿ ಅಂತ ಹೇಳು."

ಕೂಸು ಹುಟ್ಟಿದಾಗ ಅಜ್ಜಿಯ ಸೀರೆಯಲ್ಲೇ ಮಲಗಿತು.

ಗುರುತಾಯಿ ಕತೆ ನಿಲ್ಲಿಸಿದರು. ಶಿಷ್ಯೆ ತನ್ನ ಬರಹವನ್ನು ಮತ್ತೆ ತೆರೆದಳು.

"ಮನೆ ಸಿಗದಿದ್ದರೆ ಸಿಗಲಿಲ್ಲವೆಂದು ಹೇಳು, ಸಾಲದ್ದನ್ನು ಕೇಳು, ಅದು ತಪ್ಪಲ್ಲ. ಹೀಗೆ ಬರೆಯುತ್ತೇನೆ ತಾಯಿ. ಆದರೆ ಆ ಆಳು ಉಪವಾಸ ಬಿದ್ದ ಜೀವ, ಅವನಿಗೆ ಹೆದರಿಕೆ ಇತ್ತು. ಯಂತ್ರಕ್ಕೆ ಆ ಗುಣ ಎಲ್ಲಿಂದ ಬಂತು?"

"ಅದು ಮಾತು ಕಲಿತದ್ದು, ಗೊತ್ತಿಲ್ಲ ಎನ್ನಲು ಹೆದರುವ ನಮ್ಮಿಂದಲೇ ಅಲ್ಲವೇ, ಮಗಳೇ?" ಎಂದರು ಗುರುತಾಯಿ.