ಒಂದು ತಂತಿಯೂ ತುಂಡಾಗದ ಗಾನಶಾಲೆ

"ಮಹಾಪ್ರಭು, ನಾವು ಬಂದ ಮೇಲೆ ಗಾನಶಾಲೆಯಲ್ಲಿ ಒಂದು ತಂತಿಯೂ ತುಂಡಾಗಿಲ್ಲ!"

ಕೋಡಿಹಾಳದ ಆಸ್ಥಾನದಲ್ಲಿ ಎದೆಯುಬ್ಬಿಸಿ ಹೀಗೆ ಹೇಳಿದವನು ಭೂಪಾಲಯ್ಯ, ಗಾನಶಾಲೆಯ ಐವರು ಧರ್ಮದರ್ಶಿಗಳಲ್ಲಿ ಹಿರಿಯ. ಉಳಿದ ನಾಲ್ವರು ಅವನ ಹಿಂದೆ ನಿಂತು ತಲೆಯಾಡಿಸಿದರು. ತಾಳದ ಗಂಧ ಅವರಿಗಿರಲಿಲ್ಲ. ಆದರೂ ನಾಲ್ಕು ತಲೆಗಳು ಒಟ್ಟಿಗೆ ಆಡಿದವು.

ಗಾನಶಾಲೆಯನ್ನು ಕಟ್ಟಿಸಿದ್ದು ದೊರೆ ವೀರಮಲ್ಲ ನಾಯಕನ ತಾಯಿ. ಊರಿನ ಯಾರು ಬೇಕಾದರೂ ಬಂದು ಪುಕ್ಕಟೆಯಾಗಿ ಸಂಗೀತ ಕಲಿಯಲಿ ಎಂದು ವೀಣೆ, ತಂಬೂರಿ, ಮೃದಂಗಗಳನ್ನು ಕೊಟ್ಟರು. ಒಬ್ಬ ಗುರುಗಳನ್ನು ಇಟ್ಟರು. ಎಲ್ಲವನ್ನೂ ನೋಡಿಕೊಳ್ಳಲು ಐವರನ್ನು ನೇಮಿಸಿ ಕಣ್ಣು ಮುಚ್ಚಿದರು. ಐವರೂ ಬಹಳ ಚೆನ್ನಾಗಿ ನೋಡಿಕೊಂಡರು. ವಾದ್ಯಗಳಿಗೆ ಗವಸು ಹೊಲಿಸಿದರು, ಕೋಣೆಗೆ ಬೀಗ ಹಾಕಿಸಿದರು. ಗುರುಗಳಿಗೆ ಗವಸಿನ ಧೂಳು ಒರೆಸುವ ಕೆಲಸ ಉಳಿಯಿತು.

ದೊರೆ ಆ ಕಡೆ ಹೋದವನಲ್ಲ. ಅವನಿಗೆ ಸಂತೋಷವಾಯಿತು.

"ಭಲೇ! ಅಮ್ಮನ ಸೊತ್ತು ಕಾಪಾಡಿದಿರಿ. ನಾಳೆ ನಿಮಗೆ ಅರಮನೆಯ ಜರಿ ಶಾಲು. ಇನ್ನೇನು ಬೇಕು?"

"ಒಂದೇ ಅರಿಕೆ, ಪ್ರಭು. ಗಾನಶಾಲೆಗೆ ಜನ ಬರುವುದನ್ನು ನಿಲ್ಲಿಸಬೇಕು. ಕಲಿಸಿ, ಕಲಿಸಿ ಎಂದು ಬಾಗಿಲು ಬಡಿಯುತ್ತಾರೆ. ನಮ್ಮ ಸಭೆಗೆ ತೊಂದರೆ."

"ಸಭೆಯಲ್ಲಿ ಏನು ಮಾಡುತ್ತೀರಿ?" ದೊರೆಯ ಪಕ್ಕದಲ್ಲಿದ್ದ ಕೋನಪ್ಪ ಕೇಳಿದ. ಆಸ್ಥಾನದಲ್ಲಿ ಅವನಿಗೆ ಇಂಥದ್ದೇ ಎಂಬ ಕೆಲಸವಿರಲಿಲ್ಲ. ಪ್ರಶ್ನೆ ಕೇಳುತ್ತಿದ್ದ.

"ಸಂಗೀತದ ಏಳಿಗೆಯ ಬಗ್ಗೆ ಚರ್ಚೆ ಮಾಡುತ್ತೇವೆ."

ಆಸ್ಥಾನದ ಹಿಂದುಗಡೆಯಿಂದ ಒಬ್ಬಳು ಎದ್ದು ನಿಂತಳು. ಗಾಣಿಗರ ಹೊನ್ನಮ್ಮ.

"ಬುದ್ಧಿ, ಬಾಗಿಲು ಬಡಿಯೋಳು ನಾನೇ. ಗಾಣದ ಹತ್ರ ಹಾಡ್ಕೋತೀನಿ. ಶ್ರುತಿಗೆ ಗಾಣದ ಕಿರುಗುಟ್ಟೋ ಸದ್ದೊಂದೇ ಇತ್ತು. ಮೊನ್ನೆ ನಮ್ಮೆಜಮಾನ್ರು ಅದಕ್ಕೂ ಎಣ್ಣೆ ಬಿಟ್ಬಿಟ್ರು. ತಂಬೂರಿ ಮೀಟೋದು ಕಲಿಸಿ ಅಂತ ಹೋದ್ರೆ, ಕಲಿಯದೋರು ಮುಟ್ಟಬಾರದು ಅಂತಾರೆ. ಮುಟ್ಟದೆ ಕಲಿಯೋದು ಹೆಂಗೆ ಅಂದ್ರೆ, ದೂರದಿಂದ ನೋಡು, ಕಲಿತ ಮೇಲೆ ಬಾ ಅಂತಾರೆ. ನೋಡೋಣ ಅಂದ್ರೆ ಗವಸು!"

"ಬಲ್ಲವರು ಮಾತ್ರ ಮುಟ್ಟಬೇಕು ಎಂಬುದು ನಮ್ಮ ನಿಯಮ, ಪ್ರಭು," ಎಂದ ಭೂಪಾಲಯ್ಯ. "ಅದರಿಂದಲೇ ತಂತಿ ಉಳಿದಿರುವುದು."

ದೊರೆ ಗಡ್ಡ ಕೆರೆದುಕೊಂಡ. ಹೊನ್ನಮ್ಮ ಕೋನಪ್ಪನ ಮುಖ ನೋಡಿದಳು. ಕೋನಪ್ಪ ಕೈಮುಗಿದದ್ದು ಮಾತ್ರ ಭೂಪಾಲಯ್ಯನಿಗೆ.

"ಎಂಥ ನಿಯಮ! ಇದು ಗಾನಶಾಲೆಗಷ್ಟೇ ಸರಿಯೋ, ಬೆಲೆಬಾಳುವ ಎಲ್ಲ ವಸ್ತುಗಳಿಗೂ ಸರಿಯೋ?"

"ಎಲ್ಲಕ್ಕೂ ಸರಿ! ಬಳಸಿ ಗೊತ್ತಿಲ್ಲದವರ ಕೈಗೆ ಬೆಲೆಬಾಳುವ ವಸ್ತು ಕೊಡಲೇಬಾರದು."

"ಹಾಗಾದರೆ ಪ್ರಭು, ಇದು ಅರಮನೆಗೂ ಇರಲಿ. ಇವತ್ತೇ ಡಂಗುರ ಹೊಡೆಸಿ. ಬಾಗಿಲು ಮುಚ್ಚುವ ಮಾತು ನಾಳೆ ಶಾಲು ಹೊದಿಸಿದ ಮೇಲೆ ಆಗಲಿ."

"ಹಾಗೇ ಆಗಲಿ," ಎಂದ ದೊರೆ.

ಹೊರಗೆ ಹೊನ್ನಮ್ಮ ಕೋನಪ್ಪನನ್ನು ತಡೆದಳು. "ನೀವೂ ಅವರ ಕಡೆನೇ ಅಂತ ಗೊತ್ತಿರಲಿಲ್ಲ, ಸ್ವಾಮಿ."

"ನಾಳೆ ಬಾರಮ್ಮ," ಎಂದ ಕೋನಪ್ಪ. "ಊಟ ಮಾಡಿ ಬಾ. ಸನ್ಮಾನ ಸ್ವಲ್ಪ ಉದ್ದವಾಗಬಹುದು."

ಮರುದಿನ ಐವರೂ ಬಂದರು. ಹೊಸ ಶಾಲು ಚೆನ್ನಾಗಿ ಕಾಣಲಿ ಎಂದು ಹಳೆಯ ಶಲ್ಯಗಳನ್ನು ಮನೆಯಲ್ಲೇ ಬಿಟ್ಟಿದ್ದರು. ಮಾಗಿಯ ಚಳಿ. ಹರಿವಾಣದಲ್ಲಿ ಜರಿ ಶಾಲುಗಳು ಬಂದವು. ಭೂಪಾಲಯ್ಯ ಮುಂದೆ ಬಂದು ಕುತ್ತಿಗೆ ಬಾಗಿಸಿದ.

ಕೋನಪ್ಪ ಹರಿವಾಣವನ್ನು ಹಿಂದಕ್ಕೆ ಎಳೆದುಕೊಂಡ.

"ಒಂದು ಮಾತು. ತಾವು ಹಿಂದೆ ಅರಮನೆಯ ಜರಿ ಶಾಲು ಹೊದ್ದಿದ್ದೀರೋ?"

"ಇಲ್ಲಪ್ಪ. ಇದೇ ಮೊದಲ ಸಲ," ಭೂಪಾಲಯ್ಯ ಬಾಗಿದಲ್ಲಿಂದಲೇ ಹೆಮ್ಮೆಯಿಂದ ಹೇಳಿದ.

"ಅಯ್ಯೋ! ಹಾಗಾದರೆ ಕೊಡುವಂತಿಲ್ಲವಲ್ಲ. ನಿನ್ನೆಯ ಡಂಗುರ ಕೇಳಲಿಲ್ಲವೆ? ದೂರದಿಂದ ನೋಡಿ. ಹೊದೆಯುವುದನ್ನು ಕಲಿತ ಮೇಲೆ ಬನ್ನಿ."

"ಏನು ಹುಡುಗಾಟ ಇದು!" ಚಳಿಗೋ ಸಿಟ್ಟಿಗೋ ಭೂಪಾಲಯ್ಯ ನಡುಗಿದ. "ಹೊದೆಯಲು ಕೊಡದೆ ಹೊದೆಯುವುದನ್ನು ಕಲಿಯುವುದು ಹೇಗೆ?"

ಹಿಂದೆ ನಿಂತಿದ್ದ ನಾಲ್ವರು ತಲೆಯಾಡಿಸಲು ಹೊರಟು ನಡುವೆಯೇ ನಿಲ್ಲಿಸಿದರು.

"ಈ ಪ್ರಶ್ನೆಯನ್ನು ಹೊನ್ನಮ್ಮನೂ ಕೇಳಿದ್ದಳು," ಎಂದ ಕೋನಪ್ಪ. "ಅವಳಿಗೆ ನೀವು ಕೊಟ್ಟ ಉತ್ತರವನ್ನೇ ನಾನು ಕೊಟ್ಟೆ. ಚಿಂತೆ ಬೇಡ, ಶಾಲು ನಿಮ್ಮದೇ. ಗವಸು ಹಾಕಿ ಉಗ್ರಾಣದಲ್ಲಿಡುತ್ತೇವೆ. ಒಂದು ಎಳೆಯೂ ಬಿಚ್ಚದಂತೆ ನೋಡಿಕೊಳ್ಳುತ್ತೇವೆ."

ದೊರೆ ಸಿಂಹಾಸನದ ಕೈ ತಟ್ಟಿ ನಕ್ಕ. ನಕ್ಕು ಮುಗಿದ ಮೇಲೆ ಮುಖ ಗಂಭೀರವಾಯಿತು.

"ತಂತಿ ತುಂಡಾಗಿಲ್ಲ ಎಂದಾಗಲೇ ನಾನು ಏಕೆ ಎಂದು ಕೇಳಬೇಕಿತ್ತು. ಭೂಪಾಲಯ್ಯ, ಬೀಗದ ಕೈ ಗುರುಗಳಿಗೆ ಕೊಡಿ. ಡಂಗುರ ರದ್ದು."

"ನಮ್ಮ ಸಭೆ, ಪ್ರಭು?"

"ನಡೆಯಲಿ. ಪಾಠ ನಡೆಯುವ ಕೋಣೆಯಲ್ಲೇ ನಡೆಯಲಿ."

ಯುಗಾದಿಯ ಹೊತ್ತಿಗೆ ದೊರೆ ಕೋನಪ್ಪನೊಂದಿಗೆ ಗಾನಶಾಲೆಗೆ ಹೋದ. ಒಂದು ಮೂಲೆಯಲ್ಲಿ ಧರ್ಮದರ್ಶಿಗಳು ಕಿವಿಗೆ ಹತ್ತಿ ಇಟ್ಟುಕೊಂಡು ಏಳಿಗೆಯನ್ನು ಚರ್ಚಿಸುತ್ತಿದ್ದರು. ನಡುವೆ ಹೊನ್ನಮ್ಮ ತಂಬೂರಿ ಹಿಡಿದು ಕೂತಿದ್ದಳು. ಗುರುಗಳು ಹೇಳಿಕೊಟ್ಟಂತೆ ತಂತಿ ಬಿಗಿಯುವ ಬಿರಡೆ ತಿರುಗಿಸಿದಳು. ಇನ್ನೊಂದು ಚೂರು ತಿರುಗಿಸಿದಳು.

ಟಣ್!

"ತುಂಡಾಯಿತು! ಪ್ರಭು, ತುಂಡಾಯಿತು!" ಭೂಪಾಲಯ್ಯ ಹತ್ತಿಯ ಸಮೇತ ಎದ್ದು ಕೂಗಿದ.

ದೊರೆ ತನ್ನ ಹೆಗಲಿನ ಜರಿ ಶಾಲು ತೆಗೆದು ಹೊನ್ನಮ್ಮನಿಗೆ ಹೊದಿಸಿದ.

"ಅಂತೂ ಅಮ್ಮನ ಗಾನಶಾಲೆ ಶುರುವಾಯಿತು."

ಕೋನಪ್ಪ ಹುಬ್ಬೇರಿಸಿದ. "ಪ್ರಭು, ಅವಳಿಗೆ ಜರಿ ಶಾಲು ಹೊದ್ದು ಗೊತ್ತಿದೆಯೇ?"

"ಹೊದ್ದೇ ಕಲಿಯುತ್ತಾಳೆ, ಸುಮ್ಮನಿರು!" ಎಂದ ದೊರೆ.